ಹನ್ನೊಂದು ಅಂಕಿಗಳ ಸಂಖ್ಯೆಯೊಂದನ್ನು ಕಾಗದದ ಮೇಲೆ ಪೂರ್ತಿ ಬಿಡಿಸುವ ವಿಧಾನ

12345654321 ಎಂಬ ಸಂಖ್ಯೆಯನ್ನು ಒಂದು ಹಾಳೆಯ ಮೇಲೆ, ಅಂಕಿಗಳ ನಡುವೆ ಸ್ವಲ್ಪ ಜಾಗ ಬಿಟ್ಟು ಬರೆದುಕೊಳ್ಳಿ. ನಮ್ಮ ರೂಢಿಯಂತೆ ಓದಿದರೆ ಅದು 1234 ಕೋಟಿ 56 ಲಕ್ಷದ 54 ಸಾವಿರದ 321. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ 'ಗಣಿತಸಾರಸಂಗ್ರಹ'ದಲ್ಲಿ ಇದನ್ನು ಒಂದರಿಂದ ಮೊದಲಾಗಿ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿದುಬರುವ ಸಂಖ್ಯೆಯೆಂದು ವರ್ಣಿಸಿದ್ದಾರೆ. ಅವರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಆ ಪಟ್ಟಿಯಲ್ಲಿ ಹನ್ನೊಂದನೆಯ ಸ್ಥಾನದ ಹೆಸರು ಅರ್ಬುದ, ಆದ್ದರಿಂದ ಅವರ ಲೆಕ್ಕದಲ್ಲಿ ನಮ್ಮ ಸಂಖ್ಯೆ ಒಂದು ಅರ್ಬುದದಿಂದ ಆರಂಭವಾಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳಿನ ಆಭರಣಕ್ಕೆ ಹೋಲಿಸಿದರು. ಈ ಹಾರವನ್ನು ಅವರು ಪಡೆದದ್ದು 27994681 ಅನ್ನು 441 ರಿಂದ ಗುಣಿಸಿ.

ನಾವು ಈಗ ಮಾಡಬೇಕಾದದ್ದು ಅದರ ಹಿಮ್ಮುಖ ಕೆಲಸ. ಸಿದ್ಧವಾದ ಹಾರವೊಂದು ಕೈಗೆ ಸಿಕ್ಕಿದೆ, ಯಾವ ಮಣಿಗಳನ್ನು ಪೋಣಿಸಿ ಇದನ್ನು ಮಾಡಿದ್ದಾರೆಂದು ತಿಳಿಯಬೇಕು. ಪೂರ್ಣಸಂಖ್ಯೆಯೊಂದರ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ, ಅಂದರೆ ಅದಕ್ಕೆ ಎಷ್ಟು ಭಾಜಕಗಳಿವೆ, ಅವುಗಳ ಮೊತ್ತ ಎಷ್ಟು, ಅದು ಪೂರ್ಣವರ್ಗವೇ, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ, ಅದರಿಂದ ಒಂದನ್ನು ಭಾಗಿಸಿದರೆ ದಶಮಾಂಶ ಎಷ್ಟು ಅಂಕಿಗಳ ನಂತರ ಮರುಕಳಿಸುತ್ತದೆ ಎಂಬ ಎಲ್ಲಕ್ಕೂ, ಅವಿಭಾಜ್ಯ ಅಪವರ್ತನಗಳು ಗೊತ್ತಾದ ಕೂಡಲೇ ಉತ್ತರ ದೊರೆಯುತ್ತದೆ. ಹಾಗಾಗಿ ಮೊದಲ ಶ್ರಮವನ್ನೆಲ್ಲ ಅಪವರ್ತನಕ್ಕೆ ಮೀಸಲಿಡಿ.

ಕತ್ತರಿಸಿ ನೋಡುವುದು

ಮೊದಲು ಸುಲಭದ ಪರೀಕ್ಷೆಗಳನ್ನು ಮುಗಿಸಿಕೊಳ್ಳಿ. ಕೊನೆಯ ಅಂಕಿ 1 ಆಗಿರುವುದರಿಂದ ಇದು 2 ರಿಂದಲೂ 5 ರಿಂದಲೂ ಭಾಗವಾಗುವುದಿಲ್ಲ. ಅಂಕಿಗಳನ್ನು ಕೂಡಿದರೆ 36 ಬರುತ್ತದೆ. 36 ಅನ್ನು 9 ಭಾಗಿಸುವುದರಿಂದ ಸಂಖ್ಯೆಯನ್ನೂ 9 ಭಾಗಿಸುತ್ತದೆ. ಇಲ್ಲಿಯವರೆಗಿನದು ಶಾಲೆಯಲ್ಲಿ ಎಲ್ಲರೂ ಕಲಿತದ್ದೇ. ಮುಂದಿನ ಪರೀಕ್ಷೆ ಅಷ್ಟು ಪರಿಚಿತವಲ್ಲ, ಆದರೆ ದೊಡ್ಡ ಸಂಖ್ಯೆಗಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ಅದೇ.

ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ತುಂಡುಗಳಾಗಿ ಕತ್ತರಿಸಿ: 12, 345, 654, 321. ಈಗ ಬಲಗಡೆಯ ತುಂಡಿನಿಂದ ಆರಂಭಿಸಿ ಒಂದನ್ನು ಕೂಡುತ್ತ, ಮುಂದಿನದನ್ನು ಕಳೆಯುತ್ತ ಹೋಗಿ. 321 ರಲ್ಲಿ 654 ಕಳೆದರೆ ಋಣ 333. ಅದಕ್ಕೆ 345 ಕೂಡಿದರೆ 12. ಅದರಲ್ಲಿ 12 ಕಳೆದರೆ ಸೊನ್ನೆ. ಸೊನ್ನೆ ಬಂದಿತೆಂದರೆ ಸಂಖ್ಯೆಯು 1001 ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದರ್ಥ. ಇದರ ಕಾರಣ ಸರಳವಾಗಿದೆ: 1000 ಎಂಬುದು 1001 ಕ್ಕಿಂತ ಒಂದು ಕಡಿಮೆ, ಆದ್ದರಿಂದ 1001 ರಿಂದ ಭಾಗಿಸುವಾಗ ಸಾವಿರದ ಬೆಲೆ ಋಣ ಒಂದಕ್ಕೆ ಸಮ, ಸಾವಿರದ ಸಾವಿರ ಮತ್ತೆ ಧನ ಒಂದಕ್ಕೆ ಸಮ, ಹೀಗೆ ಚಿಹ್ನೆಗಳು ಅದಲುಬದಲಾಗುತ್ತ ಹೋಗುತ್ತವೆ. 1001 ಎಂಬುದು 7, 11, 13 ಈ ಮೂರರ ಗುಣಲಬ್ಧವಾದ್ದರಿಂದ ಒಂದೇ ಕೂಡು-ಕಳೆಯಲ್ಲಿ ಮೂರು ಅವಿಭಾಜ್ಯಗಳ ಪರೀಕ್ಷೆ ಮುಗಿಯುತ್ತದೆ. ಸೊನ್ನೆ ಬಾರದೆ ಬೇರೇನಾದರೂ ಬಂದರೂ ಚಿಂತೆಯಿಲ್ಲ. ಆ ಮೂರಂಕಿಯ ಸಂಖ್ಯೆಯನ್ನು 7, 11, 13 ರಿಂದ ಭಾಗಿಸಿ ನೋಡಿದರೆ ಸಾಕು, ಅಲ್ಲಿ ಉಳಿಯುವ ಶೇಷವೇ ದೊಡ್ಡ ಸಂಖ್ಯೆಯ ಶೇಷ.

ಅದೇ ತುಂಡುಗಳನ್ನು ಈಗ ಕಳೆಯದೆ ಬರೀ ಕೂಡಿ: 12 + 345 + 654 + 321 = 1332. ಇದನ್ನೂ ಕತ್ತರಿಸಿ ಕೂಡಿದರೆ 1 + 332 = 333. ಸಾವಿರವು 999 ಕ್ಕಿಂತ ಒಂದು ಹೆಚ್ಚಾದ್ದರಿಂದ ಈ ಮೊತ್ತವು 999 ರ ಅಪವರ್ತನಗಳಾದ 27 ಮತ್ತು 37 ರ ವಿಷಯವನ್ನು ತಿಳಿಸುತ್ತದೆ. 333 ಎಂದರೆ 37 ರ ಒಂಬತ್ತರಷ್ಟು. ಆದ್ದರಿಂದ 37 ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ. 333 ಅನ್ನು 27 ಭಾಗಿಸುವುದಿಲ್ಲ. ಆದ್ದರಿಂದ ನಮ್ಮ ಸಂಖ್ಯೆಯಲ್ಲಿ 3 ಎರಡೇ ಸಲ ಇದೆ, ಮೂರನೆಯ ಸಲ ಇಲ್ಲ. ಎರಡು ಸಾಲಿನ ಕೆಲಸದಲ್ಲಿ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಕೈಗೆ ಬಂದಿವೆ.

ಇನ್ನು ಭಾಗಿಸಬೇಕು. 1001 ರಿಂದ ಭಾಗಿಸಿದರೆ ಭಾಗಲಬ್ಧ 12333321, ಅದೂ ಒಂದು ಹಾರ. ಅದನ್ನು ಮತ್ತೆ ಕತ್ತರಿಸಿ: 12, 333, 321. 321 ರಲ್ಲಿ 333 ಕಳೆದು 12 ಕೂಡಿದರೆ ಪುನಃ ಸೊನ್ನೆ. ಎರಡನೆಯ ಸಲ 1001 ರಿಂದ ಭಾಗಿಸಿದರೆ 12321, ಇನ್ನೂ ಚಿಕ್ಕ ಹಾರ. ಅದು 111 ರ ವರ್ಗವೆಂಬುದು ನೋಡಿದೊಡನೆ ತಿಳಿಯುತ್ತದೆ, ಮತ್ತು 111 ಎಂದರೆ 3 × 37. ದೊಡ್ಡದರೊಳಗಿನಿಂದ ಚಿಕ್ಕದು, ಅದರೊಳಗಿನಿಂದ ಮತ್ತೂ ಚಿಕ್ಕದು ಹೊರಬರುವ ಈ ಹಂತವನ್ನು ದಯವಿಟ್ಟು ಸ್ವತಃ ಬರೆದು ನೋಡಿ, ಓದಿ ಮುಂದೆ ಹೋಗಬೇಡಿ. ಕೊನೆಗೆ ದೊರೆಯುವ ಫಲ ಇದು: 12345654321 = 3² × 7² × 11² × 13² × 37². ಮಹಾವೀರಾಚಾರ್ಯರ 441 ಎಂಬುದು 3 ಮತ್ತು 7 ರ ವರ್ಗಗಳ ಗುಣಲಬ್ಧ; ಅವರ 27994681 ಎಂಬುದು 11, 13, 37 ರ ವರ್ಗಗಳ ಗುಣಲಬ್ಧ, ಅಂದರೆ 5291 ರ ವರ್ಗ.

ವರ್ಗಮೂಲದಿಂದ ತಾಳೆ ನೋಡುವುದು

ಎಲ್ಲ ಘಾತಾಂಕಗಳೂ 2 ಆಗಿರುವುದರಿಂದ ಇದು ಪೂರ್ಣವರ್ಗ, ಮತ್ತು ಮೂಲ 111111. ಅಪವರ್ತನ ಸರಿಯಾಗಿದೆಯೇ ಎಂದು ಇನ್ನೊಂದು ದಾರಿಯಿಂದ ಪರೀಕ್ಷಿಸಲು ಹಳೆಯ ಕ್ರಮದ ವರ್ಗಮೂಲವೇ ಒಳ್ಳೆಯದು. 499 ರಲ್ಲಿ ರಚಿತವಾದ ಆರ್ಯಭಟೀಯದಲ್ಲಿ ಸ್ಥಾನಗಳನ್ನು ವರ್ಗಸ್ಥಾನ, ಅವರ್ಗಸ್ಥಾನಗಳೆಂದು ವಿಂಗಡಿಸಿ ಮೂಲ ತೆಗೆಯುವ ವಿಧಿಯಿದೆ; ನಾವು ಶಾಲೆಯಲ್ಲಿ ಎರಡೆರಡು ಅಂಕಿಗಳ ಜೋಡಿ ಮಾಡುವುದು ಅದೇ ವಿಂಗಡಣೆಯನ್ನು.

ಬಲದಿಂದ ಜೋಡಿ ಮಾಡಿದರೆ 1, 23, 45, 65, 43, 21 ಎಂಬ ಆರು ಗುಂಪುಗಳಾಗುತ್ತವೆ, ಆದ್ದರಿಂದ ಮೂಲದಲ್ಲಿ ಆರು ಅಂಕಿಗಳಿರುತ್ತವೆ. ಮೊದಲ 1 ರ ಮೂಲ 1, ಶೇಷ ಸೊನ್ನೆ. 23 ಅನ್ನು ಇಳಿಸಿ 21 ಕಳೆದರೆ 2 ಉಳಿಯುತ್ತದೆ. 45 ಅನ್ನು ಇಳಿಸಿದರೆ 245, ಅದರಲ್ಲಿ 221 ಹೋದರೆ 24. 65 ಅನ್ನು ಇಳಿಸಿದರೆ 2465, ಅದರಲ್ಲಿ 2221 ಹೋದರೆ 244. 43 ಅನ್ನು ಇಳಿಸಿದರೆ 24443, ಅದರಲ್ಲಿ 22221 ಹೋದರೆ 2222. ಕೊನೆಯ 21 ಅನ್ನು ಇಳಿಸಿದಾಗ 222221 ಆಗುತ್ತದೆ, ಕಳೆಯಬೇಕಾದದ್ದೂ 222221. ಪ್ರತಿ ಹೆಜ್ಜೆಯಲ್ಲೂ ಮೂಲದ ಅಂಕಿ 1 ಆಗಿದ್ದು, ಶೇಷವು 2, 24, 244 ಎಂದು ಬೆಳೆದು, 2222 ಕ್ಕೆ ತಲುಪಿ, ಕೊನೆಗೆ ಪೂರ್ತಿ ಕರಗುವುದನ್ನು ಕೈಯಲ್ಲಿ ಮಾಡಿದವರು ಮಾತ್ರ ಗಮನಿಸಬಲ್ಲರು.

ಭಾಜಕಗಳ ಸಂಖ್ಯೆ ಮತ್ತು ಮೊತ್ತ

ಭಾಜಕಗಳನ್ನು ಎಣಿಸಲು ಪಟ್ಟಿ ಮಾಡಬೇಕಿಲ್ಲ. ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ಶೂನ್ಯ ಸಲ, ಒಂದು ಸಲ ಅಥವಾ ಎರಡು ಸಲ ತೆಗೆದುಕೊಳ್ಳಬಹುದಾದ್ದರಿಂದ ಭಾಜಕಗಳು 3 × 3 × 3 × 3 × 3, ಅಂದರೆ 243. ಪೂರ್ಣವರ್ಗಗಳಿಗೆ ಮಾತ್ರ ಭಾಜಕಗಳ ಸಂಖ್ಯೆ ಬೆಸವಾಗಿರುತ್ತದೆ, ಏಕೆಂದರೆ ಉಳಿದ ಭಾಜಕಗಳೆಲ್ಲ ಜೋಡಿಯಾಗಿ ಬರುವಾಗ ವರ್ಗಮೂಲವೊಂದೇ ತನಗೆ ತಾನೇ ಜೋಡಿಯಾಗಿ ಉಳಿಯುತ್ತದೆ.

ಮೊತ್ತಕ್ಕಾಗಿ ಪ್ರತಿಯೊಂದು ಅವಿಭಾಜ್ಯಕ್ಕೂ ಒಂದು, ಅದು ತಾನು, ಅದರ ವರ್ಗ, ಈ ಮೂರನ್ನು ಕೂಡಿ, ಬಂದ ಐದು ಮೊತ್ತಗಳನ್ನು ಗುಣಿಸಬೇಕು. 3 ಕ್ಕೆ 13, 7 ಕ್ಕೆ 57, 11 ಕ್ಕೆ 133, 13 ಕ್ಕೆ 183, 37 ಕ್ಕೆ 1407. ಗುಣಲಬ್ಧ 25375524993. ಇಷ್ಟು ಉದ್ದದ ಗುಣಾಕಾರದಲ್ಲಿ ತಪ್ಪು ನುಸುಳುವುದು ಸಹಜ, ಆದ್ದರಿಂದ ಒಂಬತ್ತರಿಂದಲೂ ಹನ್ನೊಂದರಿಂದಲೂ ತಾಳೆ ನೋಡಿ. ಒಂಬತ್ತರ ಪರೀಕ್ಷೆಯೊಂದೇ ಸಾಲದು; ಬರೆಯುವಾಗ ಎರಡು ಅಂಕಿಗಳು ಅದಲುಬದಲಾದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, ಹಾಗಾಗಿ ಆ ಪರೀಕ್ಷೆಗೆ ತಪ್ಪು ಕಾಣುವುದೇ ಇಲ್ಲ. ಪಕ್ಕಪಕ್ಕದ ಅಂಕಿಗಳು ಹಾಗೆ ಸ್ಥಾನ ಬದಲಿಸಿದರೆ ಹನ್ನೊಂದರ ಪರೀಕ್ಷೆ ಅದನ್ನು ಹಿಡಿಯುತ್ತದೆ. ಇಲ್ಲಿ ಐದು ಮೊತ್ತಗಳನ್ನು 11 ರಿಂದ ಭಾಗಿಸಿದ ಶೇಷಗಳು 2, 2, 1, 7, 10. ಅವುಗಳ ಗುಣಲಬ್ಧ 280, ಅದರ ಶೇಷ 5. ಉತ್ತರದ ಅಂಕಿಗಳನ್ನು ಬಲದಿಂದ ಕೂಡುತ್ತ ಕಳೆಯುತ್ತ ಹೋದರೆ ಋಣ 6 ಬರುತ್ತದೆ, ಹನ್ನೊಂದರ ಲೆಕ್ಕದಲ್ಲಿ ಅದೂ 5 ಕ್ಕೆ ಸಮ. ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು 15 ಅಂಕಿಗಳಾಚೆಗೆ ಅದು ಸೊನ್ನೆ ತುಂಬುತ್ತದೆ ಎಂಬುದನ್ನು ನೆನಪಿಡಬೇಕು; ಈ ಉತ್ತರ ಆ ಮಿತಿಯೊಳಗಿದೆ, ಆದರೆ ನಮ್ಮ ಸಂಖ್ಯೆಯ ವರ್ಗ ಅದರಲ್ಲಿ ಸರಿಯಾಗಿ ಬರುವುದಿಲ್ಲ.

ಈಗ ಈ ಮೊತ್ತವನ್ನು ಮೂಲಸಂಖ್ಯೆಯ ಎರಡರಷ್ಟಾದ 24691308642 ರೊಡನೆ ಹೋಲಿಸಿ. ಮೊತ್ತವೇ 684216351 ರಷ್ಟು ಹೆಚ್ಚಾಗಿದೆ. ಭಾಜಕಗಳ ಮೊತ್ತ ಸರಿಯಾಗಿ ಎರಡರಷ್ಟಿದ್ದರೆ ಅದು ಪರಿಪೂರ್ಣ ಸಂಖ್ಯೆ; ಕಡಿಮೆಯಿದ್ದರೆ ನ್ಯೂನ, ಹೆಚ್ಚಿದ್ದರೆ ಅಧಿಕ. ಬೆಸಸಂಖ್ಯೆಗಳಲ್ಲಿ ಹೆಚ್ಚಿನವು ನ್ಯೂನ. ಮೊದಲ ಅಧಿಕ ಬೆಸಸಂಖ್ಯೆ ಸಿಗುವುದೇ 945 ರಲ್ಲಿ. ನಮ್ಮ ಹಾರದಲ್ಲಿ 5 ರ ನೆರವಿಲ್ಲದೆಯೂ ಭಾಜಕಗಳು ಎರಡರಷ್ಟನ್ನು ದಾಟಿವೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. 37 ಅನ್ನು ಸೇರಿಸುವ ಮೊದಲು ಮೊತ್ತ ಎಲ್ಲಿತ್ತೆಂದು ನೋಡಿ. 3, 7, 11, 13 ಇವುಗಳ ವರ್ಗಗಳ ಗುಣಲಬ್ಧ 3003 ರ ವರ್ಗ, ಅಂದರೆ 9018009. ಅದರ ಭಾಜಕಗಳ ಮೊತ್ತ 18035199. ಎರಡರಷ್ಟು ಎಂದರೆ 18036018. ಒಂದು ಕೋಟಿ ಎಂಬತ್ತು ಲಕ್ಷದಲ್ಲಿ ಕೊರತೆ ಬರೀ 819! ಅಷ್ಟೇ ಅಲ್ಲ, 18035199 ಅನ್ನು 819 ರಿಂದ ಭಾಗಿಸಿದರೆ ಶೇಷವಿಲ್ಲದೆ 22021 ಬರುತ್ತದೆ, 18036018 ಅನ್ನು ಭಾಗಿಸಿದರೆ 22022. ಈಗ 37 ರ ವರ್ಗದ ಬದಲು 22021 ಅನ್ನು ಪೋಣಿಸಿದೆವೆಂದುಕೊಳ್ಳಿ. 22021 ಅವಿಭಾಜ್ಯವಾಗಿದ್ದರೆ ಅದರ ಭಾಜಕಗಳ ಮೊತ್ತ 22022 ಆಗುತ್ತಿತ್ತು, ಒಟ್ಟು ಮೊತ್ತ 819 × 22021 × 22022 ಆಗುತ್ತಿತ್ತು, ಮತ್ತು ಹೊಸ ಸಂಖ್ಯೆಯ ಎರಡರಷ್ಟು ಕೂಡ ಅದೇ ಆಗುತ್ತಿತ್ತು. ಅಂದರೆ 198585576189 ಎಂಬ ಬೆಸಸಂಖ್ಯೆ ಪರಿಪೂರ್ಣವಾಗುತ್ತಿತ್ತು. ಆದರೆ 22021 ಎಂಬುದು 19 ರ ವರ್ಗ ಮತ್ತು 61 ರ ಗುಣಲಬ್ಧ. ಫ್ರಾನ್ಸಿನ ಡೆಕಾರ್ಟ್ 1638 ರಲ್ಲಿ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಈ ಸಂಖ್ಯೆಯನ್ನೇ ಸೂಚಿಸಿದ್ದರು. ಬೆಸ ಪರಿಪೂರ್ಣ ಸಂಖ್ಯೆಗಳ ಚರ್ಚೆಯಲ್ಲಿ ಅದಕ್ಕೆ ಇಂದಿಗೂ ಡೆಕಾರ್ಟ್ ಸಂಖ್ಯೆಯೆಂದೇ ಹೆಸರು. ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಇದುವರೆಗೆ ಯಾರಿಗೂ ಸಿಕ್ಕಿಲ್ಲ, ಮತ್ತು ಇದ್ದರೆ ಅದು ಒಂದರ ಮುಂದೆ 1500 ಸೊನ್ನೆಗಳಿರುವ ಸಂಖ್ಯೆಗಿಂತ ದೊಡ್ಡದಾಗಿರಬೇಕೆಂದು 2012 ರಲ್ಲಿ ಸಾಧಿಸಲಾಗಿದೆ. ಮಾನ್ಯಖೇಟದ ದೊರೆಯ ಕಾಲದ ಹಾರಕ್ಕೂ ಎಂಟು ನೂರು ವರ್ಷಗಳ ನಂತರದ ಆ ಪತ್ರದ ಸಂಖ್ಯೆಗೂ ಯಾವ ಕೊಡುಕೊಳೆಯೂ ಇರಲಿಲ್ಲ. ಆದರೂ ಎರಡರಲ್ಲೂ ಮೊದಲ ನಾಲ್ಕು ಮಣಿಗಳು ಒಂದೇ.

ವರ್ಗಗಳ ಮೊತ್ತ ಮತ್ತು ದಶಮಾಂಶ

ಅಪವರ್ತನಗಳನ್ನು 4 ರಿಂದ ಭಾಗಿಸಿ ಶೇಷ ನೋಡಿ. 3, 7, 11 ಇವುಗಳ ಶೇಷ 3. 13 ಮತ್ತು 37 ರ ಶೇಷ 1. ಶೇಷ 1 ಬರುವ ಅವಿಭಾಜ್ಯಗಳನ್ನು ಮಾತ್ರ ಎರಡು ವರ್ಗಗಳ ಮೊತ್ತವಾಗಿ ಒಡೆಯಬಹುದಾದ್ದರಿಂದ, ವಿಕರ್ಣದ ಉದ್ದ 111111 ಇರುವ ಲಂಬಕೋನ ತ್ರಿಭುಜಗಳನ್ನು ಕಟ್ಟಿಕೊಡುವುದು ಇವೆರಡೇ. ಎರಡು ಬೀಜಗಳನ್ನು ತೆಗೆದುಕೊಂಡು ಅವುಗಳ ವರ್ಗಗಳ ವ್ಯತ್ಯಾಸವನ್ನು ಒಂದು ಭುಜವಾಗಿಯೂ ಗುಣಲಬ್ಧದ ಎರಡರಷ್ಟನ್ನು ಇನ್ನೊಂದು ಭುಜವಾಗಿಯೂ ಇಡುವ ಕ್ರಮ ಗಣಿತಸಾರಸಂಗ್ರಹದಲ್ಲಿಯೇ ಇದೆ. ಕರ್ಣ 65 ಇರುವ ನಾಲ್ಕು ಆಯತಗಳನ್ನು ಅಲ್ಲಿ ಕಂಡುಹಿಡಿದಿದ್ದಾರೆ. 65 ಕ್ಕೂ ನಮ್ಮ ಸಂಖ್ಯೆಗೂ ನಾಲ್ಕೇ ಬರಲು ಕಾರಣವೂ ಒಂದೇ: ಎರಡರಲ್ಲೂ ಶೇಷ 1 ಬರುವ ಅವಿಭಾಜ್ಯಗಳು ಎರಡೇ, ಮತ್ತು ವಿಕರ್ಣದಲ್ಲಿ ಅವು ಒಂದೊಂದು ಸಲ ಮಾತ್ರ ಇವೆ.

13 ರ ತ್ರಿಭುಜವಾದ 5, 12, 13 ಅನ್ನು 8547 ರಿಂದ ಹಿಗ್ಗಿಸಿದರೆ ಭುಜಗಳು 42735 ಮತ್ತು 102564. 37 ರ ತ್ರಿಭುಜವಾದ 12, 35, 37 ಅನ್ನು 3003 ರಿಂದ ಹಿಗ್ಗಿಸಿದರೆ 36036 ಮತ್ತು 105105. ಉಳಿದೆರಡು ಬರುವುದು 13 × 37 = 481 ಅನ್ನು 20² + 9² ಎಂದೂ 16² + 15² ಎಂದೂ ಬರೆಯಬಹುದಾದ್ದರಿಂದ; ಆ ಬೀಜಗಳಿಂದ ದೊರೆಯುವ ಭುಜಗಳನ್ನು 231 ರಿಂದ ಹಿಗ್ಗಿಸಿದರೆ 73689 ಮತ್ತು 83160, ಹಾಗೂ 7161 ಮತ್ತು 110880. ಇವುಗಳಲ್ಲಿ ಸಿಕ್ಕ 102564 ಅನ್ನು 4 ರಿಂದ ಗುಣಿಸಿದರೆ ಕೊನೆಯ ಅಂಕಿ ಮುಂದಕ್ಕೆ ಹೋಗಿ 410256 ಆಗುತ್ತದೆ. ಅದು ಬೇರೆಯದೇ ವಿಷಯ, ಆದರೆ ಹೇಳದೆ ಇರಲಾಗಲಿಲ್ಲ.

ದಶಮಾಂಶದ ವಿಷಯ ಇನ್ನೂ ಬೆರಗಿನದು. 1 ಅನ್ನು 111111 ರಿಂದ ಭಾಗಿಸಿದರೆ 000009 ಎಂಬ ಆರು ಅಂಕಿಗಳು ಮರುಕಳಿಸುತ್ತವೆ, ಏಕೆಂದರೆ 999999 ಎಂಬುದು 9 × 111111. ನಮ್ಮ ಸಂಖ್ಯೆಯಿಂದಲೇ ಭಾಗಿಸಿದರೆ? ಹತ್ತು ಲಕ್ಷವೆಂದರೆ ಒಂದಕ್ಕೆ 9 × 111111 ಕೂಡಿದ್ದು. ಅದನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತ ಹೋದಾಗ, 111111 ರ ವರ್ಗದ ಗುಣಕಗಳನ್ನು ಬಿಟ್ಟರೆ, ಪ್ರತಿ ಸಲವೂ ಇನ್ನೊಂದು 9 × 111111 ಸೇರುತ್ತದೆ. ಇದು ವರ್ಗದಿಂದ ಪೂರ್ತಿ ಭಾಗವಾಗಬೇಕಾದರೆ 9 ರ ಗುಣಕವು 111111 ರ ಗುಣಕವಾಗಬೇಕು; 9 ಕ್ಕೂ 111111 ಕ್ಕೂ ಮಹತ್ತಮ ಸಾಮಾನ್ಯ ಅಪವರ್ತನ 3 ಆದ್ದರಿಂದ ಅದಕ್ಕೆ 37037 ಸಲ ಬೇಕು. ಒಂದೊಂದು ಸಲಕ್ಕೆ ಆರಂಕಿಯಂತೆ ಆವರ್ತದ ಉದ್ದ ಸರಿಯಾಗಿ 222222 ಅಂಕಿಗಳು.

ತುಂಡುಗಳ ಪರೀಕ್ಷೆ ಸಾಲದಾದಾಗ

ಎಲ್ಲ ಸಂಖ್ಯೆಗಳೂ ಇಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಇದೇ ಜಾತಿಯ ಕೊನೆಯ ಹಾರವಾದ 12345678987654321 ಅನ್ನು, ಅಂದರೆ ಒಂಬತ್ತು ಒಂದುಗಳಿರುವ 111111111 ರ ವರ್ಗವನ್ನು ತೆಗೆದುಕೊಳ್ಳಿ. ಹತ್ತು ಒಂದುಗಳ ವರ್ಗದಲ್ಲಿ ದಶಕ ಮುಂದಕ್ಕೆ ಹೋಗಿ ಹಾರ ಮುರಿಯುತ್ತದೆ. ಮೂರು ಮೂರು ಅಂಕಿಗಳ ತುಂಡುಗಳನ್ನು ಕೂಡಿದರೆ 2997, ಅಂದರೆ 999 ರ ಮೂರರಷ್ಟು. ಆದ್ದರಿಂದ 3 ಮತ್ತು 37 ಒಳಗಿವೆ. ಕೂಡುತ್ತ ಕಳೆಯುತ್ತ ಹೋದರೆ 309 ಬರುತ್ತದೆ, ಅದನ್ನು 7, 11, 13 ಯಾವುದೂ ಭಾಗಿಸುವುದಿಲ್ಲ. ಮೂಲವನ್ನು ಒಡೆದರೆ 111111111 = 9 × 37 × 333667. ಈ 333667 ಅವಿಭಾಜ್ಯವೋ ಅಲ್ಲವೋ ಎಂಬಲ್ಲಿ ಕೆಲಸ ನಿಲ್ಲುತ್ತದೆ.

ಇದರ ವರ್ಗಮೂಲ 577 ಕ್ಕೂ 578 ಕ್ಕೂ ನಡುವೆ ಇದೆ. ಆದ್ದರಿಂದ 577 ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸಬೇಕು, ಅವು 106. ಆದರೆ ಭಾಗಿಸಲು ಕೂಡುವ ಮೊದಲು ಸ್ವಲ್ಪ ಯೋಚಿಸಿದರೆ ಈ ಶ್ರಮ ಬಹಳಷ್ಟು ತಗ್ಗುತ್ತದೆ. 333667 ರ ಮೂರರಷ್ಟು 1001001, ಅದು ಒಂಬತ್ತು ಒಂಬತ್ತುಗಳ ಸಂಖ್ಯೆಯನ್ನು ಭಾಗಿಸುತ್ತದೆ. ಹಾಗಾಗಿ 333667 ಅನ್ನು ಭಾಗಿಸುವ ಯಾವುದೇ ಅವಿಭಾಜ್ಯದಿಂದ ಒಂದನ್ನು ಭಾಗಿಸಿದರೆ ಆವರ್ತದ ಉದ್ದ 1, 3 ಅಥವಾ 9 ಇರಬೇಕು. ಉದ್ದ 1 ಅಥವಾ 3 ಇರುವವು 999 ಅನ್ನು ಭಾಗಿಸುವ 3 ಮತ್ತು 37 ಮಾತ್ರ. 333667 ರ ಅಂಕಿಗಳ ಮೊತ್ತ 28, ಆದ್ದರಿಂದ 3 ಇಲ್ಲ; ತುಂಡುಗಳ ಮೊತ್ತ 333 + 667 = 1000, ಅದನ್ನು 37 ರಿಂದ ಭಾಗಿಸಿದರೆ 1 ಉಳಿಯುತ್ತದೆ, ಆದ್ದರಿಂದ 37 ಕೂಡ ಇಲ್ಲ. ಉಳಿದದ್ದು ಉದ್ದ 9. ಅವಿಭಾಜ್ಯವೊಂದರ ಆವರ್ತದ ಉದ್ದವು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯನ್ನು ಭಾಗಿಸಲೇಬೇಕೆಂಬುದು ಫರ್ಮಾ ಕಂಡುಕೊಂಡ ನಿಯಮದ ಫಲ. ಅವಿಭಾಜ್ಯ ಬೆಸವೂ ಆಗಿರಬೇಕಾದ್ದರಿಂದ ಅದು 18 ರ ಗುಣಕಕ್ಕೆ ಒಂದು ಕೂಡಿದ ರೂಪದಲ್ಲಿರಬೇಕು. 1732 ರಲ್ಲಿ ಆಯ್ಲರ್ 4294967297 ಎಂಬ ಸಂಖ್ಯೆಯನ್ನು 641 × 6700417 ಎಂದು ಒಡೆದದ್ದರ ಹಿಂದೆಯೂ ಇಂಥದೇ ವಿಚಾರವಿದೆ: ಅಲ್ಲಿ ಭಾಜಕಗಳು 64 ರ ಗುಣಕಕ್ಕೆ ಒಂದು ಕೂಡಿದ ರೂಪದಲ್ಲಿರಬೇಕಾಗಿತ್ತು, ಅಂಥ ಅವಿಭಾಜ್ಯಗಳಾದ 193, 257, 449, 577 ಇವುಗಳ ನಂತರ ಬರುವುದೇ 641.

ನಮ್ಮ 333667 ಕ್ಕೆ 577 ರೊಳಗೆ ಉಳಿಯುವ ಅಭ್ಯರ್ಥಿಗಳು 19, 37, 73, 109, 127, 163, 181, 199, 271, 307, 379, 397, 433, 487, 523, 541, 577. ಒಟ್ಟು ಹದಿನೇಳು, ಅದರಲ್ಲಿ 37 ರದ್ದು ಆಗಲೇ ಮುಗಿದಿದೆ. ಉಳಿದ ಹದಿನಾರನ್ನು ಒಂದೊಂದಾಗಿ ಭಾಗಿಸಿ, ಶೇಷವನ್ನು ಪಕ್ಕದಲ್ಲಿ ಬರೆಯುತ್ತ ಹೋಗಿ. ಮೊದಲನೆಯದಾದ 19 ರಲ್ಲಿ ಶೇಷ 8. ಕೊನೆಯದಾದ 577 ರಲ್ಲಿ 578 ಸಲ ಹೋಗಿ 161 ಉಳಿಯುತ್ತದೆ. ನಡುವೆಯೂ ಎಲ್ಲಿಯೂ ಸೊನ್ನೆ ಬರುವುದಿಲ್ಲ; ಆದ್ದರಿಂದ 333667 ಅವಿಭಾಜ್ಯ, ಮತ್ತು 12345678987654321 = 3⁴ × 37² × 333667².